ಮಾಚು ಪಿಚುವನ್ನು ಕಂಡುಹಿಡಿದದ್ದು ಬಿಂಗ್‌ಹ್ಯಾಮ್ ಅವರೇ? ಫಾರ್ವರ್ಡ್‌ಗಳಲ್ಲಿ ಬರುವ ಕತೆಯಲ್ಲಿ ನಿಜವೆಷ್ಟು?

ಮೋಡ ಮುಸುಕಿದ ಬೆಟ್ಟ, ಅದರ ಬೆನ್ನಿನ ಮೇಲೆ ಕಲ್ಲಿನ ಊರು, ಹಿಂದೆ ಚೂಪಾದ ಶಿಖರ. ಈ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಮ್ಮೆಯಾದರೂ ಬಂದಿರುತ್ತದೆ. ಅದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಮಾಚು ಪಿಚು. 2007ರಲ್ಲಿ ಹೊಸ ಏಳು ಅದ್ಭುತಗಳ ಸ್ಪರ್ಧೆ ನಡೆದಾಗ ತಾಜ್‌ಮಹಲ್‌ಗೆ ಎಸ್‌ಎಂಎಸ್ ವೋಟ್ ಹಾಕಿದ್ದು ನಿಮಗೆ ನೆನಪಿರಬಹುದು. ಆ ಪಟ್ಟಿಯಲ್ಲಿ ತಾಜ್‌ಮಹಲ್ ಜೊತೆಗೇ ಗೆದ್ದ ಇನ್ನೊಂದು ಜಾಗ ಇದು.

ಫೋಟೊದ ಕೆಳಗೆ ಸಾಮಾನ್ಯವಾಗಿ ಒಂದು ಕತೆಯೂ ಇರುತ್ತದೆ. ನಾನೂರು ವರ್ಷ ಯಾರ ಕಣ್ಣಿಗೂ ಬೀಳದೆ ಕಾಡಿನಲ್ಲಿ ಮುಚ್ಚಿಹೋಗಿದ್ದ ನಗರವನ್ನು 1911ರಲ್ಲಿ ಹಿರಾಮ್ ಬಿಂಗ್‌ಹ್ಯಾಮ್ ಎಂಬ ಅಮೆರಿಕದ ಸಾಹಸಿ ಕಂಡುಹಿಡಿದರಂತೆ. ಅಲ್ಲಿ ಸೂರ್ಯದೇವರಿಗೆ ಮೀಸಲಾದ ಕನ್ಯೆಯರು ಮಾತ್ರ ವಾಸವಾಗಿದ್ದರಂತೆ. ಅದು ಇಂಕಾ ರಾಜರ ಕೊನೆಯ ರಾಜಧಾನಿಯಂತೆ. ಇನ್ನೂ ಸ್ವಲ್ಪ ಉಪ್ಪುಖಾರ ಬೇಕೆಂದರೆ, ಅದನ್ನು ಕಟ್ಟಿದವರು ಅನ್ಯಗ್ರಹದವರಂತೆ.

ಇದರಲ್ಲಿ ನಿಜ ಎಷ್ಟು? ಉತ್ತರ ಸಿಗಬೇಕಾದರೆ ಬಿಂಗ್‌ಹ್ಯಾಮ್ ಅವರ ಬದುಕನ್ನೇ ಸ್ವಲ್ಪ ನೋಡಬೇಕು. ಅನ್ಯಗ್ರಹದವರ ಮಾತು ಬಿಟ್ಟರೆ, ಈ ಕತೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮೊಬೈಲ್‌ನಲ್ಲಲ್ಲ. ಅವು ಅವರ ಕೆಲಸದಿಂದ ಮತ್ತು ಅವರ ಪುಸ್ತಕಗಳಿಂದಲೇ ಹೊರಬಂದವು.

ಯಾರು ಈ ಬಿಂಗ್‌ಹ್ಯಾಮ್?

ಹಿರಾಮ್ ಬಿಂಗ್‌ಹ್ಯಾಮ್ ಹುಟ್ಟಿದ್ದು 1875ರ ನವೆಂಬರ್ 19ರಂದು, ಹವಾಯಿಯ ಹೊನೊಲುಲುವಿನಲ್ಲಿ. ತಾತ ಮತ್ತು ಅಪ್ಪ ಇಬ್ಬರೂ ಪೆಸಿಫಿಕ್ ದ್ವೀಪಗಳಲ್ಲಿ ಕೆಲಸ ಮಾಡಿದ ಕ್ರೈಸ್ತ ಮಿಷನರಿಗಳು. ತಾತನ ಹೆಸರೂ ಹಿರಾಮ್, ಅಪ್ಪನ ಹೆಸರೂ ಹಿರಾಮ್. ಮೂರನೆಯ ಹಿರಾಮ್ ಮಾತ್ರ ಆ ದಾರಿ ಹಿಡಿಯಲಿಲ್ಲ.

1898ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. 1900ರಲ್ಲಿ ಪ್ರಸಿದ್ಧ ಟಿಫಾನಿ ಆಭರಣ ಮನೆತನದ ಮೊಮ್ಮಗಳು ಆಲ್ಫ್ರೆಡಾ ಮಿಚೆಲ್ ಅವರನ್ನು ಮದುವೆಯಾದರು. ಅವರಿಗೆ ಏಳು ಗಂಡುಮಕ್ಕಳು. 1905ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಬಂತು. ಆಮೇಲೆ ಯೇಲ್‌ನಲ್ಲಿ ದಕ್ಷಿಣ ಅಮೆರಿಕದ ಇತಿಹಾಸ ಪಾಠ ಮಾಡತೊಡಗಿದರು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಬಿಂಗ್‌ಹ್ಯಾಮ್ ಇತಿಹಾಸದ ಮೇಷ್ಟ್ರು, ಪುರಾತತ್ವ ತಜ್ಞರಲ್ಲ. ನೆಲ ಅಗೆದು, ಮಣ್ಣಿನ ಪದರ ನೋಡಿ ಕಾಲ ಹೇಳುವ ತರಬೇತಿ ಅವರಿಗಿರಲಿಲ್ಲ. 1909ರಲ್ಲಿ ಪೆರುವಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅಲ್ಲಿನ ಅಧಿಕಾರಿಯೊಬ್ಬರು ಚೊಕೆಕಿರಾವ್ ಎಂಬ ಇಂಕಾ ಅವಶೇಷಗಳನ್ನು ನೋಡಿ ಅಭಿಪ್ರಾಯ ಹೇಳಿ ಎಂದು ಒತ್ತಾಯಿಸಿದರು. ಇದು ನನ್ನ ವಿಷಯವಲ್ಲ ಎಂದು ಬಿಂಗ್‌ಹ್ಯಾಮ್ ಹೇಳಿದರೂ, ಡಾಕ್ಟರ್ ಎಂಬ ಬಿರುದು ನೋಡಿ ಅಧಿಕಾರಿ ಬಿಡಲಿಲ್ಲ. ಒಲ್ಲದ ಮನಸ್ಸಿನಿಂದ ಬೆಟ್ಟ ಹತ್ತಿದ ಬಿಂಗ್‌ಹ್ಯಾಮ್ ಇಳಿಯುವಾಗ ಬೇರೆಯೇ ಮನುಷ್ಯರಾಗಿದ್ದರು. ಇಂಕಾ ಜನರ ಗುಂಗು ಹಿಡಿದಿತ್ತು.

ಅವರು ಹುಡುಕುತ್ತಿದ್ದದ್ದು ಮಾಚು ಪಿಚುವನ್ನಲ್ಲ

ಇಂಕಾ ಸಾಮ್ರಾಜ್ಯದ ರಾಜಧಾನಿ ಕುಸ್ಕೊ. 1533ರಲ್ಲಿ ಅದು ಸ್ಪೇನ್‌ನವರ ಕೈಗೆ ಹೋಯಿತು. ಕೆಲವು ವರ್ಷಗಳ ನಂತರ ಮಾಂಕೊ ಇಂಕಾ ಎಂಬ ರಾಜ ತನ್ನವರನ್ನು ಕಟ್ಟಿಕೊಂಡು ವಿಲ್ಕಬಂಬ ಎಂಬ ಕಾಡು ಪ್ರದೇಶಕ್ಕೆ ಸರಿದು ಹೋರಾಟ ಮುಂದುವರಿಸಿದ. 1572ರಲ್ಲಿ ಕೊನೆಯ ರಾಜ ಟೂಪಕ್ ಅಮಾರುವನ್ನು ಹಿಡಿದು ಕೊಲ್ಲುವವರೆಗೂ ಆ ಪುಟ್ಟ ರಾಜ್ಯ ಉಳಿದಿತ್ತು. ಆಮೇಲೆ ಆ ಊರು ಎಲ್ಲಿತ್ತು ಎಂಬುದೇ ಮರೆತುಹೋಯಿತು.

ಬಿಂಗ್‌ಹ್ಯಾಮ್ 1911ರಲ್ಲಿ ಯೇಲ್ ತಂಡ ಕಟ್ಟಿಕೊಂಡು ಹೊರಟದ್ದು ಈ ಕೊನೆಯ ರಾಜಧಾನಿಯನ್ನು ಹುಡುಕಲು. ತಂಡದಲ್ಲಿ ಭೂಗೋಳ ತಜ್ಞರು, ಜೀವಿಗಳ ಬಗ್ಗೆ ತಿಳಿದವರು, ವೈದ್ಯರು, ನಕ್ಷೆ ಮಾಡುವವರು ಇದ್ದರು. ಪುರಾತತ್ವಕ್ಕೆ ಅಂತ ಬೇರೆ ತಜ್ಞರಿರಲಿಲ್ಲ.

1911ರ ಜುಲೈ 24ರಂದು ಏನಾಯಿತು?

ತಂಡ ಉರುಬಂಬ ನದಿಯ ಪಕ್ಕ ಹೊಸದಾಗಿ ಆಗಿದ್ದ ಹೇಸರಗತ್ತೆ ದಾರಿಯಲ್ಲಿ ಸಾಗಿ ಮಂದೋರ್ ಪಂಪ ಎಂಬಲ್ಲಿ ತಂಗಿತ್ತು. ಅಲ್ಲಿ ಮೆಲ್ಚೊರ್ ಆರ್ತಿಯಾಗ ಎಂಬ ರೈತರಿದ್ದರು. ಮೇಲಿನ ಬೆಟ್ಟದಲ್ಲಿ ಒಳ್ಳೆಯ ಅವಶೇಷಗಳಿವೆ ಎಂದು ಅವರಿಗೆ ಗೊತ್ತಿತ್ತು. ಈ ಆರ್ತಿಯಾಗ ಅವರ ವಿಷಯವೂ ಬಿಂಗ್‌ಹ್ಯಾಮ್‌ಗೆ ಆಕಸ್ಮಿಕವಾಗಿ ತಿಳಿದದ್ದಲ್ಲ. ಕುಸ್ಕೊ ವಿಶ್ವವಿದ್ಯಾಲಯದ ಮುಖ್ಯಸ್ಥ ಆಲ್ಬರ್ಟ್ ಗೀಸೆಕೆ ಕೆಲವು ತಿಂಗಳ ಹಿಂದೆ ಅದೇ ದಾರಿಯಲ್ಲಿ ಹೋಗಿ ಬಂದು ಸುಳಿವು ಕೊಟ್ಟಿದ್ದರು.

ಅಂದು ಬೆಳಿಗ್ಗೆ ತಣ್ಣಗೆ ಜಿಟಿಜಿಟಿ ಮಳೆ. ಜೊತೆಯವರಿಗೆ ಬೆಟ್ಟ ಹತ್ತುವ ಮನಸ್ಸಿರಲಿಲ್ಲ. ಒಬ್ಬರಿಗೆ ನದಿ ಪಕ್ಕ ಚಿಟ್ಟೆ ಹಿಡಿಯುವುದಿತ್ತು, ವೈದ್ಯರಿಗೆ ಬಟ್ಟೆ ಒಗೆದು ಹರಿದದ್ದನ್ನು ಹೊಲಿಯುವುದಿತ್ತು. ಆರ್ತಿಯಾಗ ಕೂಡ ಮೊದಲು ಒಪ್ಪಲಿಲ್ಲ. ಒಂದು ಬೆಳ್ಳಿ ನಾಣ್ಯ, ಅಂದರೆ ಅಲ್ಲಿನ ದಿನಗೂಲಿಯ ಮೂರ್ನಾಲ್ಕು ಪಟ್ಟು ಕೊಡುತ್ತೇನೆ ಎಂದ ಮೇಲೆ ಹೊರಟರು. ಕಾವಲಿಗೆ ಬಂದಿದ್ದ ಸಾರ್ಜೆಂಟ್ ಕರಾಸ್ಕೊ ಸೇರಿ ಮೂವರು.

ನದಿ ದಾಟಲು ಬಳ್ಳಿಯಿಂದ ಕಟ್ಟಿದ ನಾಲ್ಕಾರು ಮರದ ದಿಮ್ಮಿಗಳ ಸೇತುವೆ. ಬಿಂಗ್‌ಹ್ಯಾಮ್ ಅದರ ಮೇಲೆ ಅಂಬೆಗಾಲಿಟ್ಟು ದಾಟಿದರು. ಆಮೇಲೆ ಸುಮಾರು 400 ಮೀಟರ್ ಕಡಿದಾದ ಏರು. ಮಧ್ಯಾಹ್ನದ ಹೊತ್ತಿಗೆ ಅವರು ತಲುಪಿದ್ದು ಕಾಡಿಗಲ್ಲ, ಒಂದು ಮನೆಯ ಅಂಗಳಕ್ಕೆ.

ಹೌದು, ಅಲ್ಲಿ ಜನರಿದ್ದರು. ರಿಚಾರ್ತೆ ಮತ್ತು ಆಲ್ವಾರೆಸ್ ಎಂಬ ಎರಡು ರೈತ ಕುಟುಂಬಗಳು ಕೆಲವು ವರ್ಷಗಳಿಂದ ಅಲ್ಲೇ ವಾಸವಾಗಿದ್ದವು. ಇಂಕಾ ಜನ ಕಟ್ಟಿದ ಮೆಟ್ಟಿಲು ಗದ್ದೆಗಳಲ್ಲೇ ಜೋಳ, ಆಲೂಗಡ್ಡೆ, ಗೆಣಸು ಬೆಳೆಯುತ್ತಿದ್ದರು. ಅಷ್ಟು ಎತ್ತರದಲ್ಲಿ ಮನೆ ಮಾಡಲು ಅವರಿಗೆ ಕಾರಣವಿತ್ತು. ಸೈನ್ಯಕ್ಕೆ ಆಳು ಹಿಡಿಯುವವರು, ಕಂದಾಯ ಕೇಳುವವರು ಅಲ್ಲಿಗೆ ಸುಲಭವಾಗಿ ಬರುತ್ತಿರಲಿಲ್ಲ.

ಬಂದವರಿಗೆ ಸೋರೆ ಬುರುಡೆಯಲ್ಲಿ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟರು. ಆರ್ತಿಯಾಗ ಮಾತಾಡುತ್ತಾ ಕುಳಿತರು. ಬಿಂಗ್‌ಹ್ಯಾಮ್‌ಗೆ ದಾರಿ ತೋರಿಸಲು ಹೊರಟದ್ದು ಆ ಮನೆಯ ಒಬ್ಬ ಪುಟ್ಟ ಹುಡುಗ. ಜಗತ್ತಿಗೆ ಗೊತ್ತಿಲ್ಲದ ನಗರ ಎಂದು ನಾವು ಓದುವ ಆ ಜಾಗ ಆ ಹುಡುಗನ ಆಟದ ಬಯಲು.

ಹುಡುಗನ ಹಿಂದೆ ಹೋದ ಬಿಂಗ್‌ಹ್ಯಾಮ್ ನುಣುಪಾಗಿ ಜೋಡಿಸಿದ ಬಿಳಿ ಗ್ರಾನೈಟ್ ಗೋಡೆಗಳನ್ನು ನೋಡಿ ಬೆರಗಾದರು. ಫೋಟೊ ತೆಗೆದರು, ಅಳತೆ ಗುರುತು ಮಾಡಿಕೊಂಡರು, ಸಂಜೆಗೆ ಕೆಳಗಿಳಿದರು.

ಗೋಡೆಯ ಮೇಲಿದ್ದ ಹೆಸರು

ಅಂದು ಒಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಹೆಸರು ಮತ್ತು ವರ್ಷ ಬಿಂಗ್‌ಹ್ಯಾಮ್ ಕಣ್ಣಿಗೆ ಬಿತ್ತು. ಹೆಸರು ಲಿಸಾರಾಗ. ವರ್ಷ 1902.

ಅಗುಸ್ತಿನ್ ಲಿಸಾರಾಗ ಅದೇ ಕಣಿವೆಯ ರೈತ. ಬಿಂಗ್‌ಹ್ಯಾಮ್ ಬರುವ ಒಂಬತ್ತು ವರ್ಷ ಮೊದಲು, ಹೊಸ ಬೇಸಾಯದ ನೆಲ ಹುಡುಕುತ್ತಾ ಮೇಲೆ ಹತ್ತಿ ಈ ಊರನ್ನು ನೋಡಿ, ತನ್ನ ಹೆಸರು ಬರೆದಿಟ್ಟು ಬಂದಿದ್ದರು. ಬಿಂಗ್‌ಹ್ಯಾಮ್ ಮಾರನೆಯ ದಿನ ತನ್ನ ಜೇಬು ಪುಸ್ತಕದಲ್ಲಿ ಮಾಚು ಪಿಚುವನ್ನು ಕಂಡುಹಿಡಿದವರು ಲಿಸಾರಾಗ ಎಂದೇ ಗುರುತು ಹಾಕಿಕೊಂಡರು. ಅಂದರೆ ಸತ್ಯ ಅವರಿಗೆ ಗೊತ್ತಿತ್ತು, ತಮ್ಮ ಕೈಯಾರೆ ಬರೆದೂ ಇದ್ದರು.

ಆದರೆ ವರ್ಷಗಳು ಕಳೆದಂತೆ ಬಿಂಗ್‌ಹ್ಯಾಮ್ ಹೇಳುವ ಕತೆಯಲ್ಲಿ ಲಿಸಾರಾಗ ಪಾತ್ರ ಕಿರಿದಾಗುತ್ತಾ ಹೋಯಿತು, ಬಿಂಗ್‌ಹ್ಯಾಮ್ ಪಾತ್ರ ದೊಡ್ಡದಾಗುತ್ತಾ ಹೋಯಿತು. ಲಿಸಾರಾಗ ಅದನ್ನು ಪ್ರಶ್ನಿಸುವ ಹಾಗಿರಲಿಲ್ಲ. 1912ರಲ್ಲೇ ಅವರು ಅದೇ ನದಿಗೆ ಬಿದ್ದು ತೀರಿಕೊಂಡಿದ್ದರು.

ಅವರಿಗಿಂತ ಹಿಂದೆಯೂ ಈ ಜಾಗ ಪೂರ್ತಿ ಅಜ್ಞಾತವಾಗಿರಲಿಲ್ಲ. 1874ರ ಒಂದು ನಕ್ಷೆಯಲ್ಲಿ ಮಾಚು ಪಿಚು ಬೆಟ್ಟದ ಹೆಸರಿದೆ. ಫ್ರೆಂಚ್ ಪ್ರವಾಸಿ ಶಾರ್ಲ್ ವೀನರ್ 1870ರ ದಶಕದಲ್ಲಿ ಅಲ್ಲಿನ ಜನರಿಂದ ಈ ಅವಶೇಷಗಳ ಸುದ್ದಿ ಕೇಳಿ, 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದಿದ್ದರು. 1568ರ ಸ್ಪ್ಯಾನಿಷ್ ಕಾಗದಪತ್ರದಲ್ಲಿ ಪಿಚು ಎಂಬ ಜಾಗದ ಜಮೀನಿನ ವಿಷಯವೇ ಇದೆ.

ಹಾಗಾದರೆ ಬಿಂಗ್‌ಹ್ಯಾಮ್ ಮಾಡಿದ್ದೇನು?

ಬಹಳ ಮಾಡಿದರು. ಅದನ್ನು ಒಪ್ಪದಿದ್ದರೆ ಅದೂ ತಪ್ಪು ಮಾಹಿತಿಯೇ. ಆ ಊರನ್ನು ಕ್ರಮವಾಗಿ ಫೋಟೊ ತೆಗೆದು, ನಕ್ಷೆ ಬರೆದು, ಕಾಡು ಸವರಿ, ಅಧ್ಯಯನಕ್ಕೆ ತೆರೆದಿಟ್ಟದ್ದು ಅವರೇ. 1912ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ನೆರವಿನಿಂದ ದೊಡ್ಡ ತಂಡದೊಂದಿಗೆ ಮತ್ತೆ ಬಂದರು. 1913ರ ಏಪ್ರಿಲ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಪೂರ್ತಿ ಈ ಒಂದೇ ವಿಷಯಕ್ಕೆ ಮೀಸಲಾಯಿತು. ಜಗತ್ತಿಗೆ ಮಾಚು ಪಿಚು ಗೊತ್ತಾದದ್ದು ಹೀಗೆ.

ಮೊದಲು ನೋಡಿದವರು ಬೇರೆ, ಜಗತ್ತಿಗೆ ತೋರಿಸಿದವರು ಬೇರೆ. ಎರಡನೆಯ ಹೆಗ್ಗಳಿಕೆ ಬಿಂಗ್‌ಹ್ಯಾಮ್ ಅವರದು. ಮೊದಲನೆಯದು ಅವರದಲ್ಲ.

ಕೊನೆಯ ರಾಜಧಾನಿ: ಕಣ್ಣೆದುರಿಗೇ ಇದ್ದರೂ ಗುರುತಾಗಲಿಲ್ಲ

ಮಾಚು ಪಿಚು ಬಿಟ್ಟು ಮುಂದೆ ಹೋದ ಬಿಂಗ್‌ಹ್ಯಾಮ್ ಅದೇ ಆಗಸ್ಟ್‌ನಲ್ಲಿ ಇನ್ನೂ ಪಶ್ಚಿಮಕ್ಕೆ, ಬಿಸಿ ಹವೆಯ ದಟ್ಟ ಕಾಡಿನ ಎಸ್ಪಿರಿತು ಪಂಪ ಎಂಬಲ್ಲಿಗೆ ತಲುಪಿದರು. ಅಲ್ಲಿ ಗಿಡಗಂಟಿಗಳ ಮಧ್ಯೆ ಕೆಲವು ಮುರುಕು ಗೋಡೆಗಳು ಸಿಕ್ಕವು. ಜೊತೆಗೆ ಒಂದು ವಿಚಿತ್ರ ವಸ್ತು: ಸ್ಪೇನ್‌ನವರ ಮಾದರಿಯ ಮಣ್ಣಿನ ಹೆಂಚಿನ ಚೂರುಗಳು. ಇಂಕಾ ಜನ ಚಾವಣಿಗೆ ಹುಲ್ಲು ಹೊದಿಸುತ್ತಿದ್ದರು, ಹೆಂಚು ಹಾಕುತ್ತಿರಲಿಲ್ಲ. ಇದೇನೆಂದು ಬಿಂಗ್‌ಹ್ಯಾಮ್‌ಗೆ ಅರ್ಥವಾಗಲಿಲ್ಲ. ಜಾಗ ಸಾಧಾರಣ ಅನ್ನಿಸಿತು, ವಾಪಸ್ ಬಂದರು.

ಆಮೇಲೆ ಅವರು ಮಾಚು ಪಿಚುವೇ ಇಂಕಾಗಳ ಕೊನೆಯ ರಾಜಧಾನಿ ಎಂದು ವಾದಿಸಿದರು. ಅಷ್ಟೇ ಅಲ್ಲ, ಇಂಕಾ ವಂಶದ ಮೂಲಸ್ಥಾನವೂ ಅದೇ ಎಂದರು. ಅಷ್ಟು ಸುಂದರವಾದ ಊರು ಇತಿಹಾಸದ ಅತಿ ಮುಖ್ಯ ಊರೇ ಆಗಿರಬೇಕು ಎಂಬುದು ಅವರ ನಂಬಿಕೆಯಾಗಿತ್ತು.

1964ರಲ್ಲಿ ಅಮೆರಿಕದ ಜೀನ್ ಸವೋಯ್ ಎಸ್ಪಿರಿತು ಪಂಪದ ಕಾಡು ಸವರಿಸಿದಾಗ ಅಲ್ಲಿ ದೊಡ್ಡ ಊರೇ ಇರುವುದು ಬಯಲಾಯಿತು. ಮರ್ತಿನ್ ದೆ ಮುರುವಾ ಎಂಬ ಸ್ಪ್ಯಾನಿಷ್ ಪಾದ್ರಿಯ ಹಳೆಯ ವೃತ್ತಾಂತದಲ್ಲಿ ವಿಲ್ಕಬಂಬದ ಅರಮನೆಗೆ ಹೆಂಚು ಹೊದಿಸಿದ್ದ ವಿವರ ಇತ್ತು. ಹೆಂಚಿನ ಗುಟ್ಟು ಬಿಡಿಸಿತು. ಸ್ಪೇನ್‌ನವರಿಂದ ಹೆಂಚು ಮಾಡುವುದನ್ನು ಕಲಿತ ಇಂಕಾಗಳೇ ಅಲ್ಲಿ ವಾಸವಾಗಿದ್ದರು. ಕೊನೆಯ ರಾಜಧಾನಿ ಅದೇ.

ಅಂದರೆ ಬಿಂಗ್‌ಹ್ಯಾಮ್ ತಾವು ಹುಡುಕುತ್ತಿದ್ದ ಊರಿಗೆ ನಿಜವಾಗಿ ಕಾಲಿಟ್ಟಿದ್ದರು. ಅದು ಅದೇ ಎಂದು ತಿಳಿಯದೆ ತೀರಿಕೊಂಡರು.

ಸೂರ್ಯಕನ್ಯೆಯರ ಕತೆ ಎಲ್ಲಿಂದ ಬಂತು?

1912ರಲ್ಲಿ ಮಾಚು ಪಿಚುವಿನ ಸುತ್ತಲಿನ ಗುಹೆಗಳಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಮಂದಿಯ ಮೂಳೆಗಳು ಸಿಕ್ಕವು. ತಂಡದ ಮೂಳೆ ತಜ್ಞ ಜಾರ್ಜ್ ಈಟನ್ ಪರೀಕ್ಷಿಸಿ, ಹೆಚ್ಚಿನವು ಹೆಂಗಸರವು ಎಂದರು. ಅಷ್ಟು ಸಾಕಾಯಿತು. ಇಲ್ಲಿದ್ದವರು ಸೂರ್ಯನ ಸೇವೆಗೆ ಆರಿಸಿದ ಕನ್ಯೆಯರು ಎಂಬ ಕತೆ ಬೆಳೆಯಿತು, ಬಿಂಗ್‌ಹ್ಯಾಮ್ ಅದನ್ನು ಹರಡಿದರು.

ತಪ್ಪಾದದ್ದು ಎಲ್ಲಿ? ಮೂಳೆ ನೋಡಿ ಗಂಡು ಹೆಣ್ಣು ಹೇಳುವಾಗ ಹೋಲಿಕೆಗೆ ಸರಿಯಾದ ಮಾದರಿ ಬೇಕು. ಆಂಡಿಸ್ ಪರ್ವತದ ಜನ ಯೂರೋಪಿನವರಿಗಿಂತ ಕುಳ್ಳಗೆ, ಸಣ್ಣ ಮೈಕಟ್ಟಿನವರು. ಸಣ್ಣ ಮೂಳೆಗಳೆಲ್ಲ ಹೆಂಗಸರವಾಗಿ ಕಂಡವು. ಹಲವು ದಶಕಗಳ ನಂತರ ಅಮೆರಿಕದ ಮಾನವಶಾಸ್ತ್ರಜ್ಞ ಜಾನ್ ವೆರಾನೊ ಅದೇ ಮೂಳೆಗಳನ್ನು ಹೊಸದಾಗಿ ಪರೀಕ್ಷಿಸಿದಾಗ ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮವಾಗಿದ್ದರು, ಮಕ್ಕಳೂ ಇದ್ದರು. ಕನ್ಯೆಯರ ಮಠದಲ್ಲಿ ಇದು ಹೇಗೆ ಸಾಧ್ಯ?

2023ರಲ್ಲಿ ಅಲ್ಲಿ ಹೂಳಿದ್ದ 34 ಮಂದಿಯ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಅವರ ಮೂಲ ಒಂದೇ ಕಡೆಯದಲ್ಲ. ಕರಾವಳಿ, ಎತ್ತರದ ಬೆಟ್ಟನಾಡು, ಅಮೆಜಾನ್ ಕಾಡು, ಹೀಗೆ ಸಾಮ್ರಾಜ್ಯದ ಮೂಲೆಮೂಲೆಗಳಿಂದ ಬಂದವರು. ರಾಜಮನೆತನದ ಚಾಕರಿಗೆ ಕರೆತಂದ ಕೆಲಸಗಾರರು ಮತ್ತು ಅವರ ಕುಟುಂಬದವರು. ಕತೆಯಲ್ಲಿ ಕನ್ಯೆಯರಾದವರು ನಿಜದಲ್ಲಿ ಅಡುಗೆ, ನೇಯ್ಗೆ, ಲೋಹದ ಕೆಲಸ ಮಾಡಿ ಬದುಕಿದ ಶ್ರಮಜೀವಿಗಳು.

ಮಾಚು ಪಿಚು ನಿಜವಾಗಿ ಏನು? ಕಟ್ಟಿದ್ದು ಹೇಗೆ?

ಇಂದಿನ ತಜ್ಞರ ಪ್ರಕಾರ ಅದು ಪಚಕುತಿ ಎಂಬ ಇಂಕಾ ದೊರೆಯ ಎಸ್ಟೇಟ್. ರಾಜ ಮತ್ತು ಪರಿವಾರ ಕುಸ್ಕೊದಿಂದ ಬಂದು ತಂಗುತ್ತಿದ್ದ, ಪೂಜೆ ವಿಧಿಗಳನ್ನೂ ನಡೆಸುತ್ತಿದ್ದ ಜಾಗ. 2021ರಲ್ಲಿ ಪ್ರಕಟವಾದ ಕಾರ್ಬನ್ ಕಾಲಮಾಪನದಂತೆ ಅಲ್ಲಿ ಸುಮಾರು 1420ರಿಂದ 1530ರವರೆಗೆ ಜನರಿದ್ದರು.

ಅನ್ಯಗ್ರಹದವರ ಅಗತ್ಯ ಇಲ್ಲವೇ ಇಲ್ಲ. ಕಲ್ಲು ಹೊರಗಿನಿಂದ ತಂದದ್ದಲ್ಲ, ಆ ಬೆಟ್ಟದ ಗ್ರಾನೈಟೇ. ಕಲ್ಲಿನ ಗಣಿ ಇಂದಿಗೂ ಊರಿನೊಳಗೇ ಕಾಣುತ್ತದೆ. ಇನ್ನೂ ಗಟ್ಟಿಯಾದ ಕಲ್ಲುಗುಂಡುಗಳಿಂದ ಬಡಿದು ಬಡಿದು, ಒಂದರ ಅಂಚಿಗೆ ಇನ್ನೊಂದು ಸರಿಯಾಗಿ ಕೂರುವಂತೆ ಮಾಡಿದರು. ಗಾರೆಯಿಲ್ಲದ ಆ ಗೋಡೆಗಳು ಭೂಕಂಪಕ್ಕೂ ನಿಂತವು.

ಕಣ್ಣಿಗೆ ಕಾಣದ ಕೆಲಸ ಇನ್ನೂ ದೊಡ್ಡದು. ಮೇಲಿನ ಒರತೆಯಿಂದ ಸುಮಾರು 750 ಮೀಟರ್ ಕಾಲುವೆ ತೆಗೆದು 16 ಕಾರಂಜಿಗಳಿಗೆ ಕುಡಿಯುವ ನೀರು ತಂದಿದ್ದಾರೆ. ಜೋರು ಮಳೆಯ ಆ ಬೆಟ್ಟ ಕುಸಿಯದಂತೆ ಮೆಟ್ಟಿಲು ಗದ್ದೆಗಳ ಅಡಿಯಲ್ಲಿ ಕಲ್ಲು, ಜಲ್ಲಿ, ಮಣ್ಣು ಪದರ ಪದರವಾಗಿ ಹಾಕಿ ನೀರು ಇಂಗಿ ಹೋಗುವಂತೆ ಮಾಡಿದ್ದಾರೆ. ಇದನ್ನು ಅನ್ಯಗ್ರಹದವರ ತಲೆಗೆ ಕಟ್ಟಿದರೆ ಆ ಕೆಲಸಗಾರರಿಗೆ ಮತ್ತೊಮ್ಮೆ ಅನ್ಯಾಯ.

ಚಿನ್ನ ಕದ್ದು ಅಮೆರಿಕಕ್ಕೆ ಸಾಗಿಸಿದರೇ?

ಈ ಫಾರ್ವರ್ಡ್ ಅರ್ಧ ಸತ್ಯ. ಬಿಂಗ್‌ಹ್ಯಾಮ್ ತಂಡ ಸಾವಿರಾರು ವಸ್ತುಗಳನ್ನು ಯೇಲ್‌ಗೆ ಒಯ್ದದ್ದು ನಿಜ. ಆದರೆ ಅದು ಚಿನ್ನದ ರಾಶಿಯಲ್ಲ; ಮಡಕೆ ಕುಡಿಕೆ, ಕಂಚಿನ ಸಾಮಾನು, ಕಲ್ಲಿನ ಉಪಕರಣ, ಮನುಷ್ಯರ ಮೂಳೆ. ಕೇಳಿದಾಗ ವಾಪಸ್ ಕೊಡಬೇಕು ಎಂಬ ಷರತ್ತಿನ ಮೇಲೆ ಪೆರು ಸರ್ಕಾರ ಅನುಮತಿ ಕೊಟ್ಟಿತ್ತು. ಬಹುಪಾಲು ಹಿಂದಿರುಗಲಿಲ್ಲ. 2008ರಲ್ಲಿ ಪೆರು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು. 2010ರಲ್ಲಿ ರಾಜಿಯಾಗಿ, 2011 ಮತ್ತು 2012ರಲ್ಲಿ ಪೆಟ್ಟಿಗೆಗಳು ಮರಳಿದವು. ಈಗ ಕುಸ್ಕೊದ ಕಾಸಾ ಕೊಂಚ ಮ್ಯೂಸಿಯಂನಲ್ಲಿ ಅವನ್ನು ನೋಡಬಹುದು.

ಬೆಟ್ಟ ಇಳಿದ ಮೇಲಿನ ಬದುಕು

1915ರ ನಂತರ ಬಿಂಗ್‌ಹ್ಯಾಮ್ ಸಂಶೋಧನಾ ಯಾತ್ರೆ ನಿಲ್ಲಿಸಿದರು. ವಿಮಾನ ಹಾರಿಸುವುದನ್ನು ಕಲಿತು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಪೈಲಟ್ ತರಬೇತಿ ಕೇಂದ್ರವೊಂದನ್ನು ನಡೆಸಿದರು. ಆಮೇಲೆ ರಾಜಕೀಯ. ಕನೆಕ್ಟಿಕಟ್ ರಾಜ್ಯಪಾಲರಾಗಿ ಆಯ್ಕೆಯಾದರು, ಅಷ್ಟರಲ್ಲೇ ಸೆನೆಟ್‌ಗೂ ಆಯ್ಕೆಯಾದರು. ಹಾಗಾಗಿ 1925ರ ಜನವರಿಯಲ್ಲಿ ಒಂದೇ ದಿನ ರಾಜ್ಯಪಾಲರಾಗಿದ್ದು ರಾಜೀನಾಮೆ ಕೊಟ್ಟರು.

ಸೆನೆಟ್‌ನಲ್ಲೂ ಪೆಟ್ಟು ಬಿತ್ತು. ಸುಂಕದ ಮಸೂದೆ ಚರ್ಚೆಯಲ್ಲಿದ್ದಾಗ ಕೈಗಾರಿಕೋದ್ಯಮಿಗಳ ಸಂಘದ ನೌಕರನೊಬ್ಬನನ್ನು ತಮ್ಮ ಸಿಬ್ಬಂದಿಯಾಗಿ ತೋರಿಸಿ ಮುಚ್ಚಿದ ಬಾಗಿಲಿನ ಸಭೆಗೆ ಕರೆತಂದರು. 1929ರ ನವೆಂಬರ್‌ನಲ್ಲಿ ಸೆನೆಟ್ 54–22 ಮತಗಳಿಂದ ಅವರಿಗೆ ಛೀಮಾರಿ ಹಾಕಿತು. 1932ರ ಚುನಾವಣೆಯಲ್ಲಿ ಸೋತರು.

1948ರಲ್ಲಿ ಮಾಚು ಪಿಚುವಿಗೆ ಹೋಗುವ ಅಂಕುಡೊಂಕಿನ ರಸ್ತೆಗೆ ಅವರದೇ ಹೆಸರಿಟ್ಟು ಪೆರು ಗೌರವಿಸಿತು. ಉದ್ಘಾಟನೆಗೆ ಅವರೇ ಬಂದಿದ್ದರು. ಅದೇ ವರ್ಷ ಅವರ ಪ್ರಸಿದ್ಧ ಪುಸ್ತಕ ಹೊರಬಂತು. ಅದರಲ್ಲೂ ಕೊನೆಯ ರಾಜಧಾನಿ, ಸೂರ್ಯಕನ್ಯೆಯರ ಕತೆ ಹಾಗೆಯೇ ಉಳಿದಿತ್ತು. 1956ರ ಜೂನ್ 6ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

ತಪ್ಪು ಒಪ್ಪಿಕೊಳ್ಳುವುದು ಅವರಿಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. 1911ರಲ್ಲೇ ಅವರು ಕೊರೊಪುನಾ ಎಂಬ ಶಿಖರ ಹತ್ತಿದರು. ಅದೇ ದಕ್ಷಿಣ ಅಮೆರಿಕದ ಅತಿ ಎತ್ತರದ ಶಿಖರ ಇರಬಹುದು ಎಂಬ ಆಸೆ ಅವರಿಗಿತ್ತು. ಅಳತೆ ಮಾಡಿದಾಗ ಅಕಾಂಕಾಗುವಾ ಶಿಖರಕ್ಕಿಂತ ಕಡಿಮೆ ಬಂತು. ನಿರಾಸೆಯಾದರೂ ಬಂದ ಅಂಕಿಯನ್ನೇ ಪ್ರಕಟಿಸಿದರು. ಅಳತೆಗೋಲು ಕೈಯಲ್ಲಿದ್ದಾಗ ಅದಕ್ಕೆ ತಲೆಬಾಗಿದರು. ಅಳತೆಗೋಲು ಇಲ್ಲದ ಕಡೆ ಚೆಂದದ ಕತೆಯನ್ನು ನಂಬಿದರು. ನಾವೂ ಫಾರ್ವರ್ಡ್ ಬಟನ್ ಒತ್ತುವಾಗ ಮಾಡುವುದು ಬಹಳ ಸಲ ಇದನ್ನೇ.

ಹಂಚುವ ಮುನ್ನ ನೆನಪಿಡಿ

ಮಾಚು ಪಿಚುವನ್ನು ಬಿಂಗ್‌ಹ್ಯಾಮ್ ಮೊದಲು ಕಂಡರು: ತಪ್ಪು. 1902ರಲ್ಲಿ ಲಿಸಾರಾಗ ನೋಡಿದ್ದರು, 1911ರಲ್ಲಿ ಅಲ್ಲಿ ರೈತರು ವಾಸವಾಗಿದ್ದರು.

ಬಿಂಗ್‌ಹ್ಯಾಮ್ ಅದನ್ನು ಜಗತ್ತಿಗೆ ಪರಿಚಯಿಸಿದರು: ನಿಜ.

ಅದು ಇಂಕಾಗಳ ಕೊನೆಯ ರಾಜಧಾನಿ: ತಪ್ಪು. ಅದು ಇದ್ದದ್ದು ಎಸ್ಪಿರಿತು ಪಂಪದಲ್ಲಿ.

ಅಲ್ಲಿ ಸೂರ್ಯಕನ್ಯೆಯರು ಮಾತ್ರ ಇದ್ದರು: ತಪ್ಪು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು.

ಅನ್ಯಗ್ರಹದವರು ಕಟ್ಟಿದರು: ತಪ್ಪು. ಕಲ್ಲು, ಗಣಿ, ಉಪಕರಣ ಎಲ್ಲಕ್ಕೂ ಸಾಕ್ಷಿ ಅಲ್ಲೇ ಇದೆ.

ಮುಂದಿನ ಸಲ ಆ ಫೋಟೊ ನಿಮ್ಮ ಗ್ರೂಪ್‌ಗೆ ಬಂದರೆ ಖಂಡಿತ ಹಂಚಿಕೊಳ್ಳಿ, ಅಷ್ಟು ಸುಂದರವಾಗಿದೆ. ಜೊತೆಗೆ ಆ ಇದ್ದಿಲಿನ ಅಕ್ಷರದ ರೈತನ ಹೆಸರನ್ನೂ ಸೇರಿಸಿ.